ಬಾದಾಮಿ ಚಾಲುಕ್ಯರ ಲಾಂಛನದಲ್ಲಿ ಹಂದಿ ಯಾಕಿದೆ?

ಅದು ಸುಮ್ನೆ ಕಾಡುಹಂದಿಯಲ್ಲ, ವಿಷ್ಣುವಿನ ವರಾಹಾವತಾರ. ನೀರಲ್ಲಿ ಮುಳುಗಿದ್ದ ಭೂಮಿಯನ್ನು ಮೇಲೆತ್ತಿ ಉಳಿಸಿದವನು ವರಾಹ. ರಾಜನ ಕೆಲಸವೂ ನೆಲ ಕಾಯೋದೇ ಅಲ್ವಾ? ಆ ಗುರುತು ಹಾಕಿಕೊಂಡರೆ ‘ಈ ನೆಲದ ಭಾರ ಹೊತ್ತವನು ನಾನು’ ಎಂದು ಸಾರಿದ ಹಾಗೆ. ನಾರಾಯಣನ ಕೃಪೆಯಿಂದ ಈ ಲಾಂಛನ ಸಿಕ್ಕಿತು, ಇದನ್ನು ಕಂಡ ಕೂಡಲೇ ಬೇರೆ ರಾಜರು ಶರಣಾದರು ಎಂದು ಅವರ ಶಾಸನಗಳೇ ಹೇಳುತ್ತವೆ. ಜಂಬ ಸ್ವಲ್ಪ ಜಾಸ್ತಿನೇ, ಬಿಡಿ.

ಈ ಗುರುತಿಗೆ ದಿನನಿತ್ಯದ ಕೆಲಸವೂ ಇತ್ತು. ಭೂಮಿ ದಾನ ಕೊಟ್ಟಾಗ ವಿವರವನ್ನು ತಾಮ್ರದ ಹಲಗೆಗಳ ಮೇಲೆ ಕೊರೆಯುತ್ತಿದ್ದರು. ಹಲಗೆಗಳ ತೂತಿಗೆ ಬಳೆಯಂಥ ಉಂಗುರ ಪೋಣಿಸಿ, ಅದರ ತುದಿಗಳು ಸೇರುವಲ್ಲಿ ವರಾಹದ ಮುದ್ರೆ ಕೂರಿಸುತ್ತಿದ್ದರು. ಉಂಗುರ ಕತ್ತರಿಸದೆ ನಡುವಿನ ಹಲಗೆ ಬದಲಿಸುವುದು ಕಷ್ಟ. ಇವತ್ತಿನ ಸರ್ಕಾರಿ ಸೀಲಿನ ಹಾಗೇ.

ಬಾಗಲಕೋಟೆ ಕಡೆ ಬಂದರೆ ಬಾದಾಮಿಯ ಮೂರನೇ ಗುಹೆ ಹತ್ತಿ ನೋಡಿ. ಚಾಲುಕ್ಯ ಮನೆತನದ ಮಂಗಳೇಶ 578ರಲ್ಲಿ ಮಾಡಿಸಿದ್ದು. ಗೋಡೆಯಲ್ಲಿ ದೊಡ್ಡ ವರಾಹ ನಿಂತಿದ್ದಾನೆ, ಅವನ ಕೈ ಮೇಲೆ ಪುಟ್ಟ ಭೂದೇವಿ. ಚಿನ್ನದ ನಾಣ್ಯಕ್ಕೆ ‘ವರಾಹ’ ಎಂಬ ಹೆಸರು ಬಂದದ್ದೂ ಈ ಗುರುತಿನಿಂದಲೇ. ವಿಜಯನಗರದ ಕಾಲಕ್ಕೆ ಎಷ್ಟೋ ನಾಣ್ಯಗಳ ಮೇಲೆ ಹಂದಿಯೇ ಇರಲಿಲ್ಲ, ಹೆಸರು ಮಾತ್ರ ಹಾಗೇ ಉಳಿದಿತ್ತು.