ಕೊಲೈಟಿಸ್ ಹಿಡಿತದಲ್ಲಿದೆ, ಆದರೂ ಕೊಲೊನೋಸ್ಕೋಪಿ ಬೇಕಾ?

ಏಳು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಗೋಡೆಯ ಉರಿಯೂತ) ಇದೆ, ಈಗ ರಕ್ತವೂ ಇಲ್ಲ ನೋವೂ ಇಲ್ಲ, ಆದರೂ ಕ್ಯಾನ್ಸರ್ ತಪಾಸಣೆಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳಿನ ಒಳಗೆ ನೋಡುವುದು) ಬೇಕಾ, ಮಲ ಪರೀಕ್ಷೆ ಸಾಲದಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಇದೇ ಕಾಯಿಲೆ ನನಗೂ 16 ವರ್ಷದಿಂದ ಇದೆ, ಈ ತಪಾಸಣೆ ಮೂರು ಸಲ ಆಗಿದೆ. ಮಾಡಿಸಿ. ಆರಾಮಾಗಿರುವಾಗಲೇ ಮಾಡಿಸಿ.

ಮೊದಲು ವರ್ಷದ ಲೆಕ್ಕ ನೋಡಿ. ಸಾಮಾನ್ಯವಾಗಿ 8 ವರ್ಷಕ್ಕೆ ಮೊದಲ ತಪಾಸಣೆ ಅನ್ನುತ್ತಾರಲ್ವಾ, ಅದನ್ನು ಎಣಿಸುವುದು ಲಕ್ಷಣ ಶುರುವಾದಾಗಿನಿಂದ, ಕಾಯಿಲೆಯ ಹೆಸರು ಗೊತ್ತಾದಾಗಿನಿಂದ ಅಲ್ಲ. ನನಗೆ ಮೊದಲೆರಡು ವರ್ಷ ಮೂಲವ್ಯಾಧಿ ಅಂತಲೇ ಔಷಧಿ ಕೊಟ್ಟಿದ್ದರು. ಆ ಎರಡು ವರ್ಷವೂ ಲೆಕ್ಕಕ್ಕೆ ಸೇರಿತು. ನಿಮಗೆ ಮೊದಲ ಸಲ ರಕ್ತ ಕಂಡಿದ್ದು ಯಾವಾಗ, ನೆನಪು ಮಾಡಿಕೊಳ್ಳಿ. ಪಿತ್ತನಾಳದ ಪಿಎಸ್‌ಸಿ ಕಾಯಿಲೆಯೂ ಜೊತೆಗಿದ್ದರೆ ಎಂಟು ವರ್ಷ ಕಾಯುವ ಹಾಗೇ ಇಲ್ಲ, ಗೊತ್ತಾದ ಕೂಡಲೇ ಶುರು, ಆಮೇಲೆ ಪ್ರತಿ ವರ್ಷ.

ಮಲ ಪರೀಕ್ಷೆ ಹುಡುಕುವುದು ರಕ್ತವನ್ನು. ನಮ್ಮಂಥವರಿಗೆ ಉರಿಯೂತ ಕೆರಳಿದರೂ ರಕ್ತ ಬರುತ್ತದೆ. ಇನ್ನು ಕ್ಯಾನ್ಸರ್‌ಗೆ ಮುಂಚಿನ ಹಂತ, ಡಿಸ್‌ಪ್ಲೇಸಿಯಾ, ಎಷ್ಟೋ ಸಲ ರಕ್ತ ಸುರಿಸುವುದೇ ಇಲ್ಲ, ನೋಯುವುದೂ ಇಲ್ಲ. ಚಪ್ಪಟೆಯಾಗಿ ಕರುಳಿನ ಗೋಡೆಗೆ ಅಂಟಿಕೊಂಡಿರುತ್ತದೆ. ಅದಕ್ಕೇ ಬಣ್ಣ ಹಾಕಿ ನೋಡುತ್ತಾರೆ. ಕಳೆದ ಸಲ ನನಗೆ ಪೂರ್ತಿ ನಿದ್ದೆ ಬಂದಿರಲಿಲ್ಲ, ಸ್ಕ್ರೀನ್ ಕಾಣುತ್ತಿತ್ತು. ಗುಲಾಬಿ ಗೋಡೆಯ ಮೇಲೆ ನೀಲಿ ನೀರು ಹರಿಯಿತು, ಸಣ್ಣ ಸಣ್ಣ ಗೆರೆಗಳೆಲ್ಲ ಎದ್ದು ಕಂಡವು. ಡಾಕ್ಟರ್ ಒಂದು ಕಡೆ ನಿಲ್ಲಿಸಿ, ಅಕ್ಕಿಕಾಳಿಗಿಂತ ಚಿಕ್ಕ ಚೂರು ಕಿತ್ತು ಬಯಾಪ್ಸಿಗೆ ಕಳಿಸಿದರು. ಉರಿಯೂತ ಇರುವಾಗ ನೋಡಿದರೆ ಯಾವುದು ಗಾಯ, ಯಾವುದು ಡಿಸ್‌ಪ್ಲೇಸಿಯಾ ಅಂತ ಬಿಡಿಸಿ ಹೇಳುವುದು ಕಷ್ಟ. ಆರಾಮಾಗಿರುವಾಗಲೇ ಅಂದಿದ್ದು ಇದಕ್ಕೆ.

ನೆಟ್‌ನಲ್ಲಿ ಒಂದು ಅಂಕಿ ನಿಮ್ಮ ಕಣ್ಣಿಗೆ ಬೀಳಬಹುದು: 10 ವರ್ಷಕ್ಕೆ ಶೇ. 2, 20ಕ್ಕೆ ಶೇ. 8, 30ಕ್ಕೆ ಶೇ. 18 ಜನರಿಗೆ ಕ್ಯಾನ್ಸರ್ ಅಂತ. ನಾನು ಅದನ್ನು ಓದಿ ರಾತ್ರಿಯಿಡೀ ಮಲಗಲಿಲ್ಲ. ಅದು ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ 2001ರಲ್ಲಿ ಬಂದ ಲೆಕ್ಕ. ಆಮೇಲಿನ ಅಧ್ಯಯನಗಳಲ್ಲಿ ಅಪಾಯ ಅದಕ್ಕಿಂತ ಸಾಕಷ್ಟು ಕಡಿಮೆ ಕಂಡಿದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯವರು 1970ರ ದಶಕದಿಂದ ಇಂಥ ರೋಗಿಗಳನ್ನು ನೋಡುತ್ತಾ ಬಂದಿದ್ದಾರೆ. ಉರಿಯೂತ ಜಾಸ್ತಿ ಇದ್ದಷ್ಟೂ ಅಪಾಯ ಜಾಸ್ತಿ ಅಂತ 2004ರಲ್ಲಿ ಅವರು ತೋರಿಸಿದರು. ಹಾಗಾಗಿ ಆರಾಮಾಗಿದ್ದೀನಿ ಅಂತ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು.

ಕೊಲೊನೋಸ್ಕೋಪಿಯ ಹಿಂದಿನ ದಿನ ಕರುಳು ತೊಳೆಯಲು ಲೀಟರುಗಟ್ಟಲೆ ಕುಡಿಯುವ ಆ ಉಪ್ಪುಪ್ಪು ನೀರು ಹಿಂಸೆ, ನಿಜ. ತಣ್ಣಗೆ ಮಾಡಿ ಕುಡಿದರೆ ಇಳಿಯುತ್ತದೆ. ಅದಕ್ಕೂ ಎರಡು ಮೂರು ದಿನ ಮುಂಚೆಯೇ ಸೀಬೆ, ಟೊಮೆಟೊ ತರಹ ಬೀಜ ಇರುವುದನ್ನು ಬಿಡಿ. ಹೊಟ್ಟೆ ಚೆನ್ನಾಗಿ ತೊಳೆದಿಲ್ಲ ಅಂದರೆ ನೋಡಿದ್ದೂ ವ್ಯರ್ಥ. ರಿಪೋರ್ಟ್ ತರಲು ಹೋದಾಗ, ಮುಂದಿನದು ಒಂದು ವರ್ಷಕ್ಕೋ, ಮೂರಕ್ಕೋ, ಐದಕ್ಕೋ ಅಂತ ಕೇಳಿ ಬರೆಸಿಕೊಂಡೇ ಬನ್ನಿ.