ಚೀನಾದ ಮೊದಲ ರಾಜವಂಶಗಳು ನಿಜವಾಗಿ ಇದ್ದವಾ, ಅಥವಾ ಬರೀ ಪುರಾಣವಾ?

ಶಾಂಗ್ ವಂಶ ಖಂಡಿತ ಇತ್ತು. ಅದಕ್ಕೂ ಹಿಂದಿನ ಶಿಯಾ ವಂಶಕ್ಕೆ ಇನ್ನೂ ಗಟ್ಟಿ ಪುರಾವೆ ಸಿಕ್ಕಿಲ್ಲ.

ಶಿಯಾ ವಂಶದ ಮೂಲಪುರುಷ ಯೂ. ಹಳದಿ ನದಿಯ ಪ್ರವಾಹಕ್ಕೆ ಅವನಪ್ಪ ಗುನ್ ಒಡ್ಡು ಕಟ್ಟಿ ಸೋತ. ಯೂ ಕಾಲುವೆ ತೋಡಿ ನೀರನ್ನು ಸಮುದ್ರಕ್ಕೆ ಹರಿಸಿದ. ಆ ಕೆಲಸದಲ್ಲಿ ಮೂರು ಸಲ ತನ್ನ ಮನೆ ಮುಂದೆಯೇ ಹಾದುಹೋದರೂ ಒಳಗೆ ಕಾಲಿಡಲಿಲ್ಲವಂತೆ. ನನಗೆ ತುಂಬಾ ಇಷ್ಟವಾದ ಕಥೆ ಇದು.

ಶಾಂಗ್ ವಿಷಯ ಬೇರೆ. ಶಾಂಗ್ ರಾಜಧಾನಿ ಇದ್ದ ಆನ್ಯಾಂಗ್‌ನಲ್ಲಿ 1928ರಿಂದ ನಡೆದ ಉತ್ಖನನದಲ್ಲಿ ಬರಹವಿರುವ ಸಾವಿರಾರು ಆಮೆ ಚಿಪ್ಪು, ದನದ ಮೂಳೆಗಳು ಸಿಕ್ಕಿವೆ. ಅವಕ್ಕೆ ಕಾವು ಕೊಟ್ಟು, ಬಿದ್ದ ಬಿರುಕು ನೋಡಿ ಶಕುನ ಹೇಳುತ್ತಿದ್ದರು. ಒಂದು ಚಿಪ್ಪಿನಲ್ಲಿ ರಾಜ ವು ಡಿಂಗ್ ತನ್ನ ರಾಣಿ ಫು ಹಾವೋಳ ಹೆರಿಗೆ ಬಗ್ಗೆ ಕೇಳಿದ್ದಾನೆ. 31 ದಿನದ ನಂತರದ ಫಲಿತಾಂಶವೂ ಅದರಲ್ಲೇ ಇದೆ: ‘ಒಳ್ಳೆಯದಾಗಲಿಲ್ಲ, ಹೆಣ್ಣು ಮಗು’. ಓದಿದರೆ ಬೇಜಾರಾಗುತ್ತದೆ, ಅಲ್ವಾ? ಅದೇ ಫು ಹಾವೋ ಸ್ವತಃ ಸೈನ್ಯ ನಡೆಸಿದವಳು! 1976ರಲ್ಲಿ ಅವಳ ಸಮಾಧಿಯೂ ಸಿಕ್ಕಿತು, ಕಂಚಿನ ಕೊಡಲಿಗಳ ಸಮೇತ.

ಶಿಯಾ ಕಾಲದ್ದೆಂದು ಹಲವರು ನಂಬುವ ಅರ್ಲಿಟೌ ಊರಿನಲ್ಲಿ ಅರಮನೆಯ ಪಾಯ, ಕಂಚಿನ ಪಾತ್ರೆ ಎಲ್ಲ ಸಿಕ್ಕಿವೆ. ಆದರೆ ವಂಶದ ಹೆಸರು ಹೇಳುವ ಒಂದು ಬರಹವೂ ಸಿಕ್ಕಿಲ್ಲ.