ಕಾಂಬೋಡಿಯಾಕ್ಕೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಕಾಂಬೋಡಿಯಾದ ಹಳ್ಳಿಮನೆಯಲ್ಲಿ ಎರಡು ರಾತ್ರಿ ಉಳಿಯುವ ಆಸೆ. ಊಟಕ್ಕೇನು ಮಾಡುವುದು? ಬೇಡ ಅಂದರೆ ಮನೆಯವರು ಬೇಸರ ಮಾಡಿಕೊಳ್ಳುವುದಿಲ್ಲವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಚಾಪೆಯ ಮೇಲೆ ಬಡಿಸಿಟ್ಟಾದ ಮೇಲೆ ಬೇಡ ಅಂದರೆ ಯಾರಿಗಾದರೂ ಬೇಸರವೇ. ಆದ್ದರಿಂದ ಕೋಣೆ ಗೊತ್ತುಮಾಡುವಾಗಲೇ ತಿಳಿಸಿ, ತಲುಪಿದ ಕೂಡಲೇ ಅಡುಗೆ ಮಾಡುವವರಿಗೆ ಇನ್ನೊಮ್ಮೆ ಹೇಳಿ. 'ಮಾಂಸ ತಿನ್ನುವುದಿಲ್ಲ' ಅಂದಷ್ಟೇ ಹೇಳಿದರೆ ಸಾಲದು. ಅಲ್ಲಿಯ ಖಮೇರ್ ಜನರ ಅಡುಗೆಗೆ ಮೀನು ಕಣ್ಣಿಗೆ ಬೀಳದಂತೆ ಸೇರಿರುತ್ತದೆ. ಒಂದು, 'ತಕ್ ತ್ರೆಯ್' ಎಂಬ ತಿಳಿಯಾದ ಮೀನಿನ ರಸ. ನಾವು ಉಪ್ಪು ಹಾಕುವಲ್ಲಿ ಅವರು ಅದನ್ನು ಹಾಕುತ್ತಾರೆ. ಇನ್ನೊಂದು 'ಪ್ರಹೋಕ್', ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿಟ್ಟ ಮೀನಿನ ಮುದ್ದೆ. ತರಕಾರಿ ಸಾರಿನಲ್ಲೂ ಇದು ಇರಬಹುದು. ಬಸಳೆಯಂತೆ ನೀರಿನ ಬದಿ ಬೆಳೆಯುವ 'ತ್ರಕುವನ್' ಸೊಪ್ಪನ್ನು ಹುರಿಯುವಾಗ ಸಿಂಪಿಯ ಸಾಸ್ ಬೀಳುವುದುಂಟು. ಹಾಗಾಗಿ ಬೇಡದ್ದನ್ನು ಹೆಸರು ಹಿಡಿದು ಹೇಳಿ: 'ಕೊಮ್ ದಾಕ್ ತಕ್ ತ್ರೆಯ್, ಕೊಮ್ ದಾಕ್ ಪ್ರಹೋಕ್.' 'ಕೊಮ್ ದಾಕ್' ಅಂದರೆ ಹಾಕಬೇಡಿ. ಖಮೇರ್ ಲಿಪಿಯಲ್ಲಿ ಬರೆಸಿದ ಚೀಟಿ ಜೊತೆಗಿದ್ದರೆ ಇನ್ನೂ ಒಳ್ಳೆಯದು, ನಮ್ಮ ಉಚ್ಚಾರಣೆ ಅವರಿಗೆ ತಿಳಿಯದೆ ಹೋಗಬಹುದು.

ದಾರಿಬದಿಯ 'ಕ್ರಲಾನ್' ನಿಮಗೆ ಹೇಳಿ ಮಾಡಿಸಿದ ತಿಂಡಿ. ಅಂಟಕ್ಕಿ, ಅಲಸಂದೆ ಕಾಳು, ತೆಂಗಿನ ಹಾಲು, ಸ್ವಲ್ಪ ಸಕ್ಕರೆ, ಉಪ್ಪು. ಎಲ್ಲವನ್ನೂ ಬಿದಿರಿನ ಕೊಳವೆಗೆ ತುಂಬಿ ಕೆಂಡದ ಬದಿ ನಿಲ್ಲಿಸಿ ಬೇಯಿಸುತ್ತಾರೆ. ಮೇಲಿನ ಗಟ್ಟಿ ಬಿದಿರನ್ನು ಮೊದಲೇ ಹೆರೆದು ತೆಳುವಾಗಿಸಿರುತ್ತಾರೆ, ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದರಾಯಿತು. ಬಿದಿರಿನ ಒಳಪೊರೆ ಅನ್ನಕ್ಕೆ ಅಂಟಿಕೊಂಡು ಬರುತ್ತದೆ; ಅದನ್ನೂ ತಿನ್ನಬಹುದು. ಕಾಳುಮೆಣಸಿನ ಸೀಮೆಯಾದ ಕಾಂಪೋತ್ ಕಡೆ ಹೋದರೆ ಎಳೆ ಹಸಿ ಕಾಳುಮೆಣಸನ್ನು ಗೊಂಚಲು ಸಮೇತ ಏಡಿಯ ಜೊತೆ ಬಾಣಲೆಗೆ ಹಾಕುತ್ತಾರೆ. ಏಡಿಯ ಬದಲು ತೋಫು ಹಾಕಿ ಕೊಡಿ ಅಂತ ಕೇಳಿ. ಮೆಣಸಿನ ಬಳ್ಳಿ ಸಾಕಿದ ಮಲೆನಾಡಿಗರು ಇದನ್ನು ಬಿಟ್ಟು ಬರಬಾರದು.

ಮನೆ ಕಂಬಗಳ ಮೇಲಿರುತ್ತದೆ. ಚಪ್ಪಲಿ ಮೆಟ್ಟಿಲ ಬುಡದಲ್ಲೇ ಬಿಡಿ. ಒಳಗೆ ಕಾಲನ್ನು ಒಂದು ಬದಿಗೆ ಮಡಚಿ ಕೂರಿ. ಹಿರಿಯರತ್ತಲೋ ಬುದ್ಧನ ಮೂರ್ತಿಯತ್ತಲೋ ಅಂಗಾಲು ಚಾಚಬೇಡಿ. ಸ್ನಾನ ಅಂಗಳದ ಹಂಡೆಯ ಬಳಿಯಾದರೆ ಪಂಚೆ ಅಥವಾ ಲುಂಗಿ ಸುತ್ತಿಕೊಂಡೇ ಮಾಡಬೇಕು.

ಪ್ರಶ್ನೆ: ಅಲ್ಲಿಯವರೂ ಕೈ ಮುಗಿಯುತ್ತಾರಂತೆ. ನಮ್ಮ ನಮಸ್ಕಾರವೇ ಸಾಕೇ?
– ಓದುಗರು, ಸಾಗರ

ಉತ್ತರ: ಸಾಕು, ಆದರೆ ಕೈಯ ಎತ್ತರ ನೋಡಿಕೊಳ್ಳಿ. 'ಸಂಪೇಹ್' ಎಂಬ ಈ ವಂದನೆಗೆ ಐದು ಮೆಟ್ಟಿಲು: ಸಮವಯಸ್ಕರಿಗೆ ಎದೆಯ ಬಳಿ, ವಯಸ್ಸಿನಲ್ಲಿ ಹಿರಿಯರಿಗೆ ಬಾಯಿಯ ಮಟ್ಟ, ತಂದೆತಾಯಿ, ಗುರುಗಳಿಗೆ ಮೂಗು, ಭಿಕ್ಷುಗಳಿಗೆ ಹುಬ್ಬು, ದೇವರಿಗೆ ಹಣೆ. ಮಕ್ಕಳಿಗೆ ನೀವೇ ಮೊದಲು ಕೈ ಮುಗಿಯಬೇಕಿಲ್ಲ. ಅವರು ಮುಗಿದರೆ ಮರಳಿ ಮುಗಿಯಿರಿ. ಎಷ್ಟೇ ಮುದ್ದಾದ ಮಗುವಾದರೂ ತಲೆ ಸವರಬೇಡಿ, ತಲೆಯನ್ನು ಅವರು ಪವಿತ್ರವೆಂದು ಎಣಿಸುತ್ತಾರೆ. ಕರೆಯುವುದೂ ನಮ್ಮಂತೆಯೇ, ನಂಟಿನ ಹೆಸರಲ್ಲಿ: ಅಣ್ಣ, ಅಕ್ಕ ಇಬ್ಬರಿಗೂ 'ಬೊಂಗ್', ಅಜ್ಜನಿಗೆ 'ತಾ', ಅಜ್ಜಿಗೆ 'ಯೇ'. 'ಞಾಮ್ ಬಾಯ್ ಹಯ್ ನೌ?' ಅಂತ ಯಾರಾದರೂ ಕೇಳಿದರೆ ಗಾಬರಿ ಬೇಡ, ಅದು ನಮ್ಮ 'ಊಟ ಆಯ್ತಾ?'

ಪ್ರಶ್ನೆ: ರೂಪಾಯಿ ನಡೆಯುತ್ತದೆಯೇ?
– ಓದುಗರು, ಹೊಸನಗರ

ಉತ್ತರ: ಇಲ್ಲ. ಡಾಲರ್ ಮತ್ತು ರಿಯೆಲ್ ಎರಡೂ ನಡೆಯುತ್ತವೆ. 1 ಡಾಲರ್‌ಗೆ ಸುಮಾರು 4,000 ರಿಯೆಲ್. ತುದಿ ಹರಿದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ. 1 ಮತ್ತು 5ರ ಹೊಸ ನೋಟುಗಳನ್ನು ಹೆಚ್ಚು ಇಟ್ಟುಕೊಳ್ಳಿ.

ಪ್ರಶ್ನೆ: ಪಿತೃಪಕ್ಷದ ಹೊತ್ತಿಗೆ ಅಲ್ಲಿಯೂ ಹಿರಿಯರ ಹಬ್ಬವಿದೆಯಂತೆ. ಹೊರಗಿನವರು ಹೋಗಬಹುದೇ?
– ಓದುಗರು, ಶೃಂಗೇರಿ

ಉತ್ತರ: ಹೋಗಬಹುದು. ಅದರ ಹೆಸರು 'ಪ್ಚುಮ್ ಬೆನ್'. 'ಬೆನ್' ಎಂಬುದು ನಮ್ಮ 'ಪಿಂಡ'ವೇ. ಭಾದ್ರಪದವನ್ನು ಅವರು 'ಫೋತ್ರೊಬೊತ್' ಎನ್ನುತ್ತಾರೆ, ಅದರ ಕೃಷ್ಣಪಕ್ಷದ 15 ದಿನ ಹಬ್ಬ. ಬೆಳಕು ಹರಿಯುವ ಮುಂಚೆ ಎಳ್ಳು ಬೆರೆಸಿದ ಅಂಟಕ್ಕಿ ಉಂಡೆಗಳನ್ನು ಹಿಡಿದು ವಿಹಾರಕ್ಕೆ ಮೂರು ಸುತ್ತು ಬರುತ್ತಾರೆ, ಕತ್ತಲಲ್ಲೇ ಉಂಡೆ ಎಸೆಯುತ್ತಾರೆ. ಹಸಿದ ಪ್ರೇತಗಳು ಬೆಳಕಿಗೆ ಬರಲಾರವು ಎಂಬ ನಂಬಿಕೆ. ಆದ್ದರಿಂದ ಫ್ಲ್ಯಾಶ್, ಮೊಬೈಲ್ ಟಾರ್ಚ್ ಬೇಡವೇ ಬೇಡ. ಭುಜ, ಮಂಡಿ ಮುಚ್ಚುವ ಬಟ್ಟೆ ತೊಡಿ. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ಕೊಡುವುದನ್ನು ಅವರ ಮುಂದಿಡಿ. ಕೊನೆಯ ಮೂರು ದಿನ ಎಲ್ಲರೂ ಊರಿಗೆ ಹೊರಡುವುದರಿಂದ ಬಸ್ಸು ತುಂಬಿರುತ್ತವೆ, ಅಂಗಡಿ ಮುಚ್ಚಿರುತ್ತವೆ. ಟಿಕೆಟ್ ಮೊದಲೇ ಮಾಡಿಸಿ.

ಪ್ರಶ್ನೆ: ನಮ್ಮ ಸೋಂದೆ ಬಳಿಯ ಸಹಸ್ರಲಿಂಗದಂಥದ್ದೇ ಅಲ್ಲಿಯೂ ಇದೆಯೇ?
– ಓದುಗರು, ಸೊರಬ

ಉತ್ತರ: ಇದೆ, ಸಿಯೆಮ್ ರೀಪ್ ಪಟ್ಟಣದಿಂದ ಸುಮಾರು 50 ಕಿ.ಮೀ. ದೂರದ ಕ್ಬಾಲ್ ಸ್ಪಿಯನ್. 11ನೇ ಶತಮಾನದಲ್ಲಿ ಹೊಳೆಯ ಬಂಡೆಯ ಮೇಲೇ ಸಾಲುಸಾಲಾಗಿ ಲಿಂಗಗಳನ್ನೂ ಶೇಷಶಾಯಿ ವಿಷ್ಣುವನ್ನೂ ಕೆತ್ತಿದ್ದಾರೆ. ಅಂಗ್ಕೋರ್‌ನ ಹಳೆಯ ದೇಗುಲಗಳನ್ನು ನೋಡಲು ಕೊಳ್ಳುವ ಪಾಸೇ ಇಲ್ಲಿಗೂ ನಡೆಯುತ್ತದೆ: 1 ದಿನಕ್ಕೆ 37 ಡಾಲರ್, 3 ದಿನಕ್ಕೆ 62. ಮೂರು ದಿನದ್ದನ್ನು 10 ದಿನದೊಳಗೆ ಬಿಡಿಬಿಡಿಯಾಗಿ ಬಳಸಬಹುದು, ಅದನ್ನೇ ಕೊಳ್ಳಿ. ಪಾಸಿನಲ್ಲಿ ನಿಮ್ಮ ಫೋಟೊ ಇರುತ್ತದೆ, ಬೇರೆಯವರಿಂದ ಕೊಂಡದ್ದು ನಡೆಯದು. ಮೇಲೆ ತಲುಪಲು ಒಂದೂವರೆ ಕಿ.ಮೀ. ಕಾಡಿನ ಏರುದಾರಿ. ಬೆಳಿಗ್ಗೆಯೇ ಹೊರಡಿ. ಮಳೆ ಜೋರಾದಾಗ ಕೆತ್ತನೆ ನೀರಿನಡಿ ಮುಚ್ಚಿಹೋಗುತ್ತದೆ, ಮಾರ್ಚ್–ಏಪ್ರಿಲ್‌ನಲ್ಲಿ ಹೊಳೆಯೇ ಬಡವಾಗುತ್ತದೆ. ನವೆಂಬರ್, ಡಿಸೆಂಬರ್ ಹದವಾದ ಕಾಲ. ಗುರುತು ಮಾಡಿದ ಕಾಲುದಾರಿ ಬಿಟ್ಟು ಕಾಡಿಗೆ ಇಳಿಯಬೇಡಿ. ಆ ದೇಶದ ಒಳನಾಡಿನಲ್ಲಿ ಯುದ್ಧಕಾಲದ ನೆಲಬಾಂಬುಗಳು ಇನ್ನೂ ಪೂರ್ತಿ ತೆರವಾಗಿಲ್ಲ.